ಪಾರಿವಾಳಕ್ಕೆ ಸಿಕ್ಕ ಟಿಕೆಟ್

ಹಾರ್ಲ್‌ಡೆನ್
ಭಾನುವಾರ, ಏಪ್ರಿಲ್ ೨೮

ಪ್ರೀತಿಯ ವಿಲ್ಫ್,

ನಿನ್ನ ಕಾಗದಗಳಿಗೆ ಉತ್ತರವಿಲ್ಲದೆ ತಿಂಗಳುಗಳೇ ಕಳೆದವು. ಸಮುದ್ರದ ದಂಡೆಯಲ್ಲಿ ಬಿಸಿಲು ಕಾಯಿಸುತ್ತ ನನ್ನನ್ನು ಚೆನ್ನಾಗಿ ಬೈದಿರುತ್ತೀಯ. ಬೈದುಕೋ, ತಪ್ಪಿಲ್ಲ. ಜನವರಿಯಿಂದ ಈ ಊರಿನಲ್ಲಿ ಒಬ್ಬರ ತಲೆಯೂ ನೆಟ್ಟಗಿಲ್ಲ, ನನ್ನದಂತೂ ಇಲ್ಲವೇ ಇಲ್ಲ. ನಿನ್ನ ಎದೆ ಹೇಗಿದೆ? ಗಿರಣಿಯ ಧೂಳು ಆ ಗಾಳಿಗೆ ಸ್ವಲ್ಪವಾದರೂ ಕರಗಿತೇ? ನಿನ್ನಾಕೆ ನೆಲ್ಲಿ ನಿನಗೆ ಪೈಪು ಸೇದಲು ಬಿಡುತ್ತಿಲ್ಲವಂತೆ. ಒಳ್ಳೆಯದೇ ಮಾಡಿದಳು.

ಈಗ ಸುದ್ದಿ. ನಾವು ಕಪ್ ಫೈನಲ್‌ಗೆ ಬಂದೆವು ಕಣೋ. ಕಡೆಯ ಡಿವಿಷನ್ನಿನ ನಮ್ಮ ಹಾರ್ಲ್‌ಡೆನ್ ಟೌನ್, ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ. ನೀನು ಪೇಪರಿನಲ್ಲಿ ಓದಿಯೇ ಇರುತ್ತೀಯ, ಆದರೂ ನನ್ನ ಕೈಯಿಂದ ಬರೆಯದೆ ಇರಲಾರೆ. ನನ್ನ ಮಗ ಡೆನಿಸ್ ಮ್ಯಾನೇಜರ್ ಆಗಿ ತಂಡವನ್ನು ಮುಂದೆ ನಡೆಸಿಕೊಂಡು ಆ ಹುಲ್ಲಿನ ಮೇಲೆ ಕಾಲಿಡುತ್ತಾನೆ. ಗಿರಣಿಯ ಹಿಂದಿನ ಓಣಿಯಲ್ಲಿ ನಾವಿಬ್ಬರೂ ಚೆಂಡು ಒದ್ದು ಕೊಡುತ್ತಿದ್ದೆವಲ್ಲ, ಆ ಡೆನಿಸ್.

ಅವನು ಪಟ್ಟ ಪಾಡು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೀಸೆ ಮೂಡುವ ಮುಂಚೆ ಟೌನ್‌ಗೆ ಆಡಿದ, ಎಡಬದಿಯಲ್ಲಿ ಅವನ ಓಟ ನೋಡಿ ದೊಡ್ಡ ಕ್ಲಬ್ಬಿನವರು ಎತ್ತಿಕೊಂಡು ಹೋದರು. ಕಪ್ ಫೈನಲ್ಲಿಗೆ ಒಂದು ವಾರ ಇರುವಾಗ ಮೊಣಕಾಲು ಹೋಯಿತು. ಜೊತೆಯವರು ವೆಂಬ್ಲಿಯಲ್ಲಿ ಆಡುತ್ತಿದ್ದರೆ ಇವನು ಆಸ್ಪತ್ರೆಯಲ್ಲಿ ಕಾಲು ಮೇಲೆ ಕಟ್ಟಿಸಿಕೊಂಡು ಮಲಗಿದ್ದ. ನಾನೂ ನೀನೂ ಮಂಚದ ಪಕ್ಕ ರೇಡಿಯೋ ಕೇಳುತ್ತ ಕೂತಿದ್ದೆವು. ಆಮೇಲೆ ಹೆಸರು ಕೇಳದ ಊರುಗಳಲ್ಲಿ ಕೋಚ್ ಆದ. ಮೈದಾನಕ್ಕೆ ಸುಣ್ಣದ ಗೆರೆ ಎಳೆದ, ತಂಡದ ಬಸ್ಸನ್ನೂ ಓಡಿಸಿದ. ಎರಡು ಕಡೆ ಮ್ಯಾನೇಜರ್ ಆದ, ಎರಡು ಕಡೆಯೂ ಕತ್ತು ಹಿಡಿದು ದಬ್ಬಿದರು. ಬೇರೆ ಗತಿಯಿಲ್ಲದೆ ಅವನು ನಮ್ಮೂರಿಗೆ ಬಂದ, ಬೇರೆ ಗತಿಯಿಲ್ಲದೆ ಊರೂ ಅವನನ್ನು ಇಟ್ಟುಕೊಂಡಿತು.

ನಾನು ಆಟಕ್ಕೆ ಹೋಗದೆ ಮನೆಯಲ್ಲೇ ಕೂತಿದ್ದೇನೆಂದು ಯಾರೋ ಹೇಳಿದರೆಂದು ಬರೆದು, ಅಪ್ಪ ಮಗನಿಗೆ ಜಗಳವೇ ಎಂದು ಕೇಳಿದ್ದೀಯ. ಜಗಳವಲ್ಲ ಮಾರಾಯ, ಅದೃಷ್ಟ. ಜನವರಿಯಲ್ಲಿ ದೊಡ್ಡ ತಂಡವೊಂದು ನಮ್ಮ ಮಿಲ್ ಲೇನ್ ಮೈದಾನಕ್ಕೆ ಬಂದ ದಿನ ನನಗೆ ಜ್ವರ, ಕೆಮ್ಮು. ನಾವು ಯಾವಾಗಲೂ ನಿಲ್ಲುವ ಕಂಬಿಯ ಹತ್ತಿರ ನೀನೂ ಇಲ್ಲ, ನಾನೂ ಇಲ್ಲ. ಅವತ್ತೇ ನಮ್ಮವರು ಗೆದ್ದರು. ಚೆಂಡಾಟದವರ ಬುದ್ಧಿ ನಿನಗೆ ಗೊತ್ತಲ್ಲ. ಗೆದ್ದ ದಿನ ಏನು ಹೇಗಿತ್ತೋ ಹಾಗೇ ಇರಬೇಕು. ಡೆನಿಸ್ ಅವತ್ತು ತೊಟ್ಟಿದ್ದ ಕಂದು ಕೋಟನ್ನು ಇವತ್ತಿನವರೆಗೂ ಒಗೆಯಲು ಬಿಟ್ಟಿಲ್ಲ. ಸೊಸೆ ಬ್ರೆಂಡಾ ಅದನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ನೇತುಹಾಕುತ್ತಾಳೆ. ಕೋಟಿನ ಹಾಗೆಯೇ ನಾನೂ.

ಮುಂದಿನ ಸುತ್ತಿನ ಬೆಳಿಗ್ಗೆ ನಾನು ಮಫ್ಲರ್ ಸುತ್ತಿಕೊಂಡು ಹೊರಟಿದ್ದೆ. ಡೆನಿಸ್ ಬಾಗಿಲಲ್ಲಿ ನಿಂತ.

"ಅಪ್ಪಾ, ಕೆಮ್ಮು ಹೇಗಿದೆ?"

"ಹೋಯ್ತು ಕಣೋ."

"ಪೂರ್ತಿ ಹೋಯ್ತಾ? ಒಂಚೂರು ಕೆಮ್ಮಿ ನೋಡು."

ಮಗ ಕೇಳಿದನಲ್ಲಾ ಎಂದು ಕೆಮ್ಮಿದೆ. "ನೋಡಿದ್ಯಾ, ಇನ್ನೂ ಇದೆ, ಈ ಚಳೀಲಿ ಹೊರಗೆ ಬರಬೇಡ" ಎಂದು ಮಫ್ಲರ್ ಬಿಚ್ಚಿಸಿ, ಒಲೆಗೆ ಕಲ್ಲಿದ್ದಲು ಹಾಕಿ ಹೋದ. ಅವತ್ತೂ ಗೆದ್ದರು. ಮಾಂಸದಂಗಡಿಯ ಕ್ಲೆಗ್ ಮಾರನೆಯ ದಿನವೇ ಮನೆಗೆ ಸಾಸೇಜು ಕಳಿಸಿದ, ಹೀಗೇ ಮನೆಯಲ್ಲಿ ಬೆಚ್ಚಗಿರು ಎಂದು ಹೇಳಿ.

ಐದನೆಯ ಸುತ್ತಿಗೆ ತಡೆಯಲಾಗಲಿಲ್ಲ. ಬೇರೆ ಟೋಪಿ ಹಾಕಿಕೊಂಡು ಆ ತುದಿಯ ಗೇಟಿನಿಂದ ನುಸುಳಿದೆ. ಎದುರಾಳಿ ಗೋಲು ಹೊಡೆದದ್ದೇ ತಡ, ಹಿಂದಿನಿಂದ ಒಂದು ಹೆಂಗಸಿನ ದನಿ: "ಅಯ್ಯೋ ನೋಡ್ರೇ, ಸೇತ್ ಇಲ್ಲೇ ನಿಂತವ್ನೆ." ಗಿರಣಿಯ ನೇಯ್ಗೆ ವಿಭಾಗದ ಇಬ್ಬರು ದಪ್ಪ ಹೆಂಗಸರು ನನ್ನ ಎರಡೂ ರಟ್ಟೆ ಹಿಡಿದರು. ಜನ ಮೆರವಣಿಗೆಗೆ ಬಿಟ್ಟ ಹಾಗೆ ದಾರಿ ಬಿಟ್ಟರು. ಮನೆಯ ತಿರುವು ಬರುವಷ್ಟರಲ್ಲಿ ಮೈದಾನದಿಂದ ಎರಡು ಸಲ ಆರ್ಭಟ ಕೇಳಿತು, ಎರಡೂ ನಮ್ಮವು. ಆ ಹೆಂಗಸರು ಬೀದಿಯಲ್ಲೇ ನನ್ನ ಕೆನ್ನೆಗೆ ಮುತ್ತು ಕೊಟ್ಟು ಓಡಿದರು. ಆಮೇಲೆ ನಾನು ಬಾಯಿ ಬಿಡುವ ಹಾಗೇ ಇರಲಿಲ್ಲ.

ನಿನ್ನೆಯ ಸೆಮಿಫೈನಲ್ ದೂರದ ಶೆಫೀಲ್ಡಿನಲ್ಲಿ. ಹಿತ್ತಲಲ್ಲಿ ನಿಂತರೆ ಆರ್ಭಟವೂ ಕೇಳುವುದಿಲ್ಲ. ರೇಡಿಯೋದವರು ಇನ್ನೊಂದು ಸೆಮಿಫೈನಲ್ ಹಾಕಿದ್ದರು. ಡೆನಿಸ್ ಅದನ್ನು ಮರೆತಿರಲಿಲ್ಲ. ಶುಕ್ರವಾರ ಬಂದು ನನ್ನ ಪಾರಿವಾಳ ಡಾಲಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋದ. ಆಟ ಮುಗಿದ ಕೂಡಲೆ ಕಾಲಿಗೆ ಚೀಟಿ ಕಟ್ಟಿ ಬಿಡುತ್ತೇನೆ, ಪೇಪರಿಗಿಂತ ಮುಂಚೆ ನಿನಗೆ ಗೊತ್ತಾಗುತ್ತೆ ಎಂದ. ಆಟಗಾರರ ಬೆಂಚಿನ ಪಕ್ಕದಲ್ಲೇ ಬುಟ್ಟಿ ಇಟ್ಟಿದ್ದರಂತೆ. ಪಾರಿವಾಳಕ್ಕೆ ಟಿಕೆಟ್ ಸಿಕ್ಕಿತು, ಅದೂ ಅಷ್ಟು ಒಳ್ಳೆಯ ಜಾಗದಲ್ಲಿ.

ಸಂಜೆ ನನ್ನ ಹಿತ್ತಲು ನೋಡಬೇಕಿತ್ತು ನೀನು. ಊರಲ್ಲಿ ಉಳಿದ ಮುದುಕರು, ಕಂಕುಳಲ್ಲಿ ಕೂಸು ಹೊತ್ತ ಹೆಂಗಸರು, ಪಾದ್ರಿಯ ಹೆಂಡತಿ, ಎಲ್ಲ ಆಕಾಶ ನೋಡುತ್ತ ನಿಂತಿದ್ದರು. ಡಾಲಿ ಬಂದಳು. ಬಂದವಳು ಗೂಡಿಗೆ ಇಳಿಯದೆ ಮಾಡಿನ ತುದಿಯಲ್ಲಿ ಕೂತು ಗರಿ ಕೊಕ್ಕಿನಲ್ಲಿ ತಿದ್ದಿಕೊಳ್ಳತೊಡಗಿದಳು. ಕಾಲಿನ ಚೀಟಿ ಕೆಳಗಿನಿಂದಲೇ ಕಾಣುತ್ತಿತ್ತು. ನಾನು ಕಾಳಿನ ಡಬ್ಬಿ ಅಲ್ಲಾಡಿಸಿದೆ, ಮುದ್ದು ಮಾಡಿ ಕರೆದೆ. ಹೆಂಗಸರು ಒಟ್ಟಿಗೆ ಕೂಗಿದರು, ಅವಳು ಹೆದರಿ ಚಿಮಣಿಯ ಮೇಲೆ ಹೋದಳು. ಪಾದ್ರಿಯ ಹೆಂಡತಿಯ ಬಾಯಲ್ಲಿ ಆ ಪದ ಬರಬಹುದೆಂದು ನಾನು ಎಣಿಸಿರಲಿಲ್ಲ. ಕೊನೆಗೆ ಎಲ್ಲರನ್ನೂ ಗೋಡೆಗೆ ಬೆನ್ನು ಕೊಟ್ಟು ಕೂರಿಸಿ, ಉಸಿರು ಬಿಡಬೇಡಿ ಎಂದೆ. ಊರಿನ ಹಣೆಬರಹವನ್ನು ಕಾಲಿಗೆ ಕಟ್ಟಿಕೊಂಡವಳು ತನಗೆ ಮನಸ್ಸಾದಾಗ ಇಳಿದಳು.

ಕನ್ನಡಕ ಸಿಗಲಿಲ್ಲ. ಪಕ್ಕದ ಮನೆಯ ಮುದುಕಿ ಓದಿದಳು: "ಎರಡು, ಒಂದು. ನಾವು. ಅಪ್ಪಾ, ನಾವು." ವಿಲ್ಫ್, ನಾನು ಅತ್ತುಬಿಟ್ಟೆ. ಹಿತ್ತಲಲ್ಲಿ ಯಾರು ಯಾರನ್ನು ಅಪ್ಪಿಕೊಂಡರೋ ಗೊತ್ತಿಲ್ಲ, ನನ್ನ ಈರುಳ್ಳಿ ಮಡಿಯಂತೂ ನೆಲಸಮವಾಯಿತು.

ರಾತ್ರಿ ಡೆನಿಸ್ ಬಸ್ಸಿನಿಂದಿಳಿದು ನೇರ ನನ್ನ ಹತ್ತಿರವೇ ಬಂದ. ಆ ಕೋಟಿನ ಸಮೇತ ನನ್ನನ್ನು ಅಪ್ಪಿಕೊಂಡು ನೆಲದಿಂದ ಎತ್ತಿಬಿಟ್ಟ. ಎರಡನೆಯ ಗೋಲನ್ನು ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಟೀ ಬಟ್ಟಲುಗಳನ್ನಿಟ್ಟು ತೋರಿಸಿದ. ಹೊರಡುವಾಗ ಬಾಗಿಲಲ್ಲಿ ನನ್ನ ಭುಜ ಹಿಡಿದು, "ಇನ್ನೊಂದೇ ಆಟ ಅಪ್ಪಾ. ಇಷ್ಟು ದಿನ ಕೂತಿದೀಯ, ಇನ್ನೊಂದು ಶನಿವಾರ ಕೂತುಬಿಡು. ಡಾಲೀನ ಕರ್ಕೊಂಡು ಹೋಗ್ತೀನಿ" ಎಂದ.

"ಫೈನಲ್ ರೇಡಿಯೋದಲ್ಲಿ ಬರುತ್ತಲ್ಲೋ. ಡಾಲಿ ಯಾಕೆ?"

"ಅವಳು ಬಂದಿದ್ದಕ್ಕೇ ತಾನೆ ಗೆದ್ದಿದ್ದು?"

ಊರೆಲ್ಲ ಲಂಡನ್ನಿಗೆ ಹೋಗುತ್ತಿದೆ. ವಿಶೇಷ ರೈಲು ಬಿಡುತ್ತಾರಂತೆ. ಕ್ಲೆಗ್ ಅಂಗಡಿ ಮುಚ್ಚುತ್ತಾನೆ, ಅವನಪ್ಪ ಸತ್ತಾಗಲೂ ಮುಚ್ಚಿರಲಿಲ್ಲ. ನಿನ್ನ ಎದೆ ಒಪ್ಪಿದರೆ ಆ ಶನಿವಾರ ನೀನು ಇಲ್ಲಿಗೇ ಬಾ. ಹಂದಿ ಮಾಂಸದ ಪೈ ತರಿಸುತ್ತೇನೆ, ಇಬ್ಬರೂ ರೇಡಿಯೋ ಮುಂದೆ ಕೂರೋಣ. ದೇವರು ನಿನ್ನ ಉಸಿರನ್ನು ಸರಾಗ ಮಾಡಲಿ, ನೆಲ್ಲಿಯ ಕೈ ಗಟ್ಟಿಯಾಗಿರಲಿ, ನಿನ್ನ ಹೊಸ ಮೊಮ್ಮಗಳಿಗೆ ಈ ಮುದುಕನ ಆಶೀರ್ವಾದ ಮುಟ್ಟಲಿ.

ನಿನ್ನ ಹಳೆಯ ಗೆಳೆಯ,
ಸೇತ್ ಆರ್ಮರಾಡ್

ಮರೆತ ಮಾತು: ಆಸ್ಪತ್ರೆಯ ಆ ದಿನ ನೀನು ಟೀ ತರಲು ಹೊರಗೆ ಹೋಗಿದ್ದೆ, ನಿನಗೆ ಗೊತ್ತಿಲ್ಲ. ಡೆನಿಸ್ ನನ್ನ ಕೈ ಹಿಡಿದು, "ಒಂದಲ್ಲ ಒಂದು ದಿನ ನಿನ್ನನ್ನ ವೆಂಬ್ಲಿಗೆ ಕರ್ಕೊಂಡು ಹೋಗ್ತೀನಿ ಅಪ್ಪಾ" ಎಂದಿದ್ದ. ನಿನ್ನೆ ಕರೆದಿದ್ದರೂ ನಾನು ಹೋಗುತ್ತಿರಲಿಲ್ಲ, ಊರಿನ ಅದೃಷ್ಟಕ್ಕೆ ಅಡ್ಡ ಬರುವವನಲ್ಲ ನಾನು. ಬೇಡ ಮಗ, ಮೊಣಕಾಲು ನೋವು ಎಂದು ಹೇಳಲು ಮಾತನ್ನೂ ಜೋಡಿಸಿಟ್ಟುಕೊಂಡಿದ್ದೆ. ಅವನು ಕರೆಯಲಿಲ್ಲ ವಿಲ್ಫ್.