ತಲೆಯಾಡಿಸಿದ್ದಕ್ಕೆ ಅರ್ಥ

ಮಾರ್ಚ್ 3, ಬೆಳಿಗ್ಗೆ

ಯಜಮಾನರು ಟೋಸ್ಟರ್ ರಿಪೇರಿಗೆ ಕೂತಿದ್ದಾರೆ. ಅಂದರೆ ಇವತ್ತು ಟೋಸ್ಟ್ ಇಲ್ಲ. ಫೋನಿನಲ್ಲಿ ಅಮ್ಮನದು ಅದೇ ರಾಗ — ನಿನ್ನ ಜೊತೆ ಓದಿದವರೆಲ್ಲ ಕಂಪನಿ ಕೇಸು ಹಿಡಿದು ಎಲ್ಲೋ ಹೋದರು, ನೀನು ಸರ್ಕಾರದ ಮೇಲೆ ಕೇಸು ಹಾಕಿಕೊಂಡು ಗುಡ್ಡ ಹತ್ತುತ್ತಿರು. ಹೂಂ ಅಂದೆ. ಗುಡ್ಡ ಹತ್ತೋಕೇ ಹೊರಟಿದ್ದೆ.

ಸಂಜೆ

ಗುಡ್ಡದ ಮೂಲನಿವಾಸಿಗಳಿಗೆಲ್ಲ ಹಿರಿಯರು ಅಜ್ಜಿ. ಊರಿಗೇ ಅಜ್ಜಿ, ಈಗ ನನಗೂ. ಅವರ ಭಾಷೆ ಕಲಿಯುತ್ತಿದ್ದೇನಲ್ಲ, ಠೀವಿಯಿಂದ "ನಾನು ನಿಮ್ಮ ವಕೀಲೆ" ಅಂದೆ. ಅಂಗಳದ ತುಂಬ ನಗು. "ನಾನು ನಿಮ್ಮ ಕುಂಬಳಕಾಯಿ" ಅಂದಿದ್ದೆನಂತೆ. ಅಲ್ಲಿ ಇನ್ನು ನನಗೆ ಅದೇ ಹೆಸರು.

ಕೇಸು ಮಾತ್ರ ನಗುವಂಥದ್ದಲ್ಲ. ಗಣಿ ಇಲಾಖೆ ಗುಡ್ಡವನ್ನು ಕಲ್ಲು ಕ್ವಾರಿಗೆ ಕೊಟ್ಟಿದೆ. ಅಲ್ಲಿರುವವರನ್ನು ಮೊದಲು ಕೇಳಬೇಕು ಅಂತ ಕಾನೂನಿದೆ. ಕೇಳಿದ್ದೇವೆ, ಸಭೆ ಮಾಡಿದೆವು, ಎಲ್ಲರೂ ತಲೆಯಾಡಿಸಿದರು — ಇದು ಇಲಾಖೆಯ ವಾದ. ಸಭೆ ನಡೆದದ್ದು ನಮ್ಮ ಭಾಷೆಯಲ್ಲಿ. ಗುಡ್ಡದವರಿಗೆ ಒಂದು ಮಾತೂ ತಿಳಿದಿಲ್ಲ. ಅಜ್ಜಿಯ ಗಂಡ, ಅತ್ತೆ, ಮಾವ ಎಲ್ಲರ ಸಮಾಧಿ ಗುಡ್ಡದ ಮೇಲೆಯೇ ಇದೆ.

ಏಪ್ರಿಲ್ 8, ಮಧ್ಯಾಹ್ನ. ಕೋರ್ಟ್ ಕ್ಯಾಂಟೀನ್

ಕೆಟ್ಟ ಸುದ್ದಿ. ಅಜ್ಜಿಯ ಮಾತು ತರ್ಜುಮೆ ಮಾಡಬೇಕಿದ್ದ ಮೇಷ್ಟ್ರು ಮೆಟ್ಟಿಲ ಮೇಲೆ ಜಾರಿ ಆಸ್ಪತ್ರೆ ಸೇರಿದ್ದಾರೆ. ಬೇರೆ ಯಾರೂ ಸಿಗಲಿಲ್ಲ. ಊಟದ ನಂತರವೂ ದುಭಾಷಿ ಇಲ್ಲದಿದ್ದರೆ ಅಜ್ಜಿಯ ಸಾಕ್ಷಿ ಬಿಟ್ಟೇ ಮುಂದುವರಿಯುವುದಾಗಿ ಜಡ್ಜ್ ಹೇಳಿದರು. ನಾನು ತರ್ಜುಮೆ ಮಾಡುವಂತಿಲ್ಲ — ಅವರದೇ ವಕೀಲೆ. ಅಜ್ಜಿ ಆರಾಮಾಗಿ ಟೀ ಕುಡೀತಿದ್ದಾರೆ. ನಾನು ಮತ್ತೆ ಮತ್ತೆ ಫೋನ್ ಮಾಡ್ತಿದ್ದೇನೆ.

ಸಂಜೆ

ಕ್ಯಾಂಟೀನಿನಲ್ಲಿದ್ದವರಿಗೆಲ್ಲ ಟೀ ಕೊಡಿಸಿ ಬಂದೆ. ಖುಷಿಗೆ.

ಸರ್ಕಾರಿ ವಕೀಲರು — ಇವರನ್ನೇ ನಾವೆಲ್ಲ ಗುಡುಗು ಅನ್ನೋದು — ಸಾಕ್ಷಿ ಕೈಬಿಡಿ ಅಂತ ಶುರು ಮಾಡಿದ್ದರು. ಅವರ ಹಿಂದೆ ಫೈಲು ಹಿಡಿದು ಕೂತಿದ್ದ ಜೂನಿಯರ್ ಹುಡುಗಿ ಎದ್ದು ನಿಂತಳು.

"ನನಗೆ ಆ ಭಾಷೆ ಬರುತ್ತೆ. ನಮ್ಮ ಮನೆಮಾತು."

ಆ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ. ಗುಡ್ಡದವರ ಮಾತನ್ನು ಅಣಕಿಸಿ ನಗುವ ಜಾಗ, ಹೇಳಿಕೊಂಡಿರಲಿಲ್ಲ. ಗುಡುಗು ತಿರುಗಿ ಅವಳನ್ನೇ ನೋಡಿದರು. ನೋಡಿ... ತಮ್ಮ ತಕರಾರಿಲ್ಲ ಅಂದುಬಿಟ್ಟರು, ಮೆಲ್ಲಗೆ! ಆ ಮನುಷ್ಯನಿಗೆ ಮೆಲ್ಲಗೆ ಮಾತಾಡೋಕೆ ಬರುತ್ತೆ ಅಂತ ಇವತ್ತು ಗೊತ್ತಾಯಿತು. ನಾನೂ ಒಪ್ಪಿದೆ. ಪ್ರಮಾಣ ಮಾಡಿಸಿದರು.

ಸಭೆಯಲ್ಲಿ ತಲೆಯಾಡಿಸಿದ್ದು ನಿಜವೇ ಅಂತ ಜಡ್ಜ್ ಕೇಳಿದರು. ಅಜ್ಜಿ ಹೇಳಿದ್ದನ್ನು ಹುಡುಗಿ ಹಾಗೇ ನಮ್ಮ ಭಾಷೆಗೆ ಇಳಿಸಿದಳು:

"ನಿಜ. ಮನೆಗೆ ಬಂದವರು ಮಾತಾಡ್ತಿದ್ದರೆ ತಲೆಯಾಡಿಸದೆ ಕಲ್ಲಿನ ಥರ ಕೂರೋಕಾಗುತ್ತಾ? ಮರ್ಯಾದೆಗೆ ಆಡಿಸಿದೆವು. ಗುಡ್ಡ ಕೊಡ್ತೀವಿ ಅಂದಿಲ್ಲ. ಕೊಡ್ತೀರಾ ಅಂತ ನಮಗೆ ತಿಳಿಯೋ ಹಾಗೆ ನೀವು ಕೇಳಲೂ ಇಲ್ಲ."

ಕೊನೆಯ ವಾಕ್ಯಕ್ಕೆ ಹುಡುಗಿಯ ದನಿ ಒಡೆಯಿತು. ಜಡ್ಜ್ ಪೆನ್ನು ಕೆಳಗಿಟ್ಟರು. ನಾನು ಗಂಟೆಗಟ್ಟಲೆ ವಾದಿಸಲು ತಯಾರಾಗಿ ಬಂದಿದ್ದೆ. ಎರಡೇ ಮಾತು ಹೇಳಿ ಕೂತೆ.

ಮೇ 6

ಗೆದ್ದೆವು. ಕ್ವಾರಿ ಪರವಾನಗಿ ರದ್ದು. ಮತ್ತೆ ಕೇಳುವುದಾದರೆ ಆ ಗುಡ್ಡಕ್ಕೇ ಹೋಗಿ, ಅವರ ಭಾಷೆಯಲ್ಲೇ ಕೇಳಬೇಕು. ಬೇಡ ಅಂದರೆ ಅದೂ ಉತ್ತರವೇ ಅಂತ ತೀರ್ಪಿನಲ್ಲಿ ಬರೆದಿದ್ದಾರೆ. ಅಜ್ಜಿ ನನ್ನ ಕೆನ್ನೆ ಹಿಂಡಿ ಏನೋ ಅಂದರು. ಪೂರ್ತಿ ತಿಳಿಯಲಿಲ್ಲ, ಕುಂಬಳಕಾಯಿ ಅಂತೂ ಇತ್ತು.

ಅಮ್ಮ ಅಕ್ಕಪಕ್ಕದ ಮನೆಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಕಂಪನಿ ಕೇಸಿನ ಮಾತೇ ಇಲ್ಲ.

ಮೇ 19, ಬೆಳಿಗ್ಗೆ

ಆ ಹುಡುಗಿ ಬಂದಿದ್ದಾಳೆ! ಅಲ್ಲಿ ಕೆಲಸ ಬಿಟ್ಟಳಂತೆ. ನಿಮ್ಮ ಹತ್ತಿರ ಜಾಗ ಇದೆಯಾ ಅಂದಳು. ಗುಡುಗು ಆಗಲೇ ನನಗೆ ಫೋನ್ ಮಾಡಿದ್ದರು — ಒಳ್ಳೇ ಹುಡುಗಿ, ಬಿಟ್ಟುಕೊಡೋಕೆ ಹೊಟ್ಟೆ ಉರೀತಿದೆ ಅಂತ. ಕಿಟಕಿ ಪಕ್ಕದ ಮೇಜು ತೋರಿಸಿದೆ.

ಈಗ ಕಾರಿಡಾರಿನಲ್ಲಿ ನಿಂತು ಅವಳಮ್ಮನಿಗೆ ಫೋನ್. ಅವರ ಭಾಷೆಯಲ್ಲೇ, ದೊಡ್ಡ ದನಿಯಲ್ಲಿ. ಪಕ್ಕದ ಆಫೀಸಿನವರು ಬಾಗಿಲು ತೆಗೆದು ನೋಡಿದರು. ದನಿ ತಗ್ಗಿಸಲಿಲ್ಲ. ಅಲ್ಲೊಂದು ಇಲ್ಲೊಂದು ಮಾತು ನನಗೂ ಸಿಗ್ತಿದೆ — ಮೇಜು... ಕಿಟಕಿ... ನನ್ನದೇ... ಈಗೇನೋ ಹೇಳಿ ಬಿದ್ದು ಬಿದ್ದು ನಗ್ತಿದ್ದಾಳೆ. ಏನಂತ ಕೇಳಿಬಿಡ್ತೀನಿ, ಇರು —