ಕೂತ ತಪ್ಪಿಗೆ ಎರಡು ವರ್ಷ

ಶಿಸ್ತು ಸಮಿತಿಯ ಮಾನ್ಯ ಅಧ್ಯಕ್ಷರೇ,

ಎದುರಾಳಿಗಳೊಂದಿಗೆ ಮೊದಲೇ ಮಾತಾಡಿಕೊಂಡು ಪಂದ್ಯ ಆಡಿದ ಮೋಸಗಾರ ಎಂದು ತಾವು ನನ್ನನ್ನು ಎರಡು ವರ್ಷ ಮೈದಾನದಿಂದ ಹೊರಗಿಟ್ಟಿದ್ದೀರಿ. ನನಗೀಗ ಮೂವತ್ತಾರು. ಈ ವಯಸ್ಸಿನ ಗೋಲ್‌ಕೀಪರ್ ಎರಡು ವರ್ಷ ಬಿಟ್ಟು ಮರಳಿ ಬರುತ್ತಾನೆಂದು ನಂಬುವಷ್ಟು ಅಮಾಯಕರು ತಾವಲ್ಲ, ತಾವೂ ಆಡಿದವರು. ಆಟ ಮುಗಿಯಿತೆಂದು ದುಃಖವಿಲ್ಲ ಎಂದರೆ ಸುಳ್ಳಾದೀತು. ಆದರೆ ನಾನು ಬರೆಯುತ್ತಿರುವುದು ‘ಮೋಸಗಾರ’ ಎಂಬ ಆ ಒಂದು ಮಾತಿನ ಬಗ್ಗೆ. ಡ್ಯಾನ್ಯೂಬ್ ನದಿಯ ದಂಡೆಯ ನಮ್ಮ ಸಣ್ಣ ಊರಿನಲ್ಲಿ ಅದು ನನಗಿಂತ ಮೊದಲೇ ಅಂಗಡಿಗಳಿಗೆ ಹೋಗಿ ಕೂತಿರುತ್ತದೆ. ನಿನ್ನೆ ಬೆಳಿಗ್ಗೆ ತಿಂಡಿಗೆ ಚೀಸ್ ತುಂಬಿದ ಬಾನಿತ್ಸ ಕಟ್ಟಿಕೊಡುತ್ತ ಅಂಗಡಿಯ ಸ್ಟೊಯಾಂಕಮ್ಮ, “ನೀನೂನಾ, ಯಾವೋರ್?” ಎಂದು ನನ್ನ ಹೆಸರು ಹಿಡಿದು ಕೇಳಿದರು. ನಾನು ಪೊಟ್ಟಣ ಎತ್ತಿಕೊಂಡು ಹೊರಬಂದೆ.

ನಡೆದದ್ದು ತಮಗೆ ಗೊತ್ತು. ಈ ಬಹಿರಂಗ ಪತ್ರ ಓದುವ ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಕ್ಲಬ್ಬಿನ ಮಾಲೀಕರು ಎಣ್ಣೆ ಗಿರಣಿಯ ಧಣಿಗಳು. ಮಧ್ಯ ಮೈದಾನದಲ್ಲಿ ಆಡುವ ನಮ್ಮ ರಾದೊಸ್ತಿನ್ ಅವರಿಗೆ ಬೇಡವಾದ. ಕರಾರು ಇನ್ನೂ ಬಾಕಿಯಿತ್ತು, ಹಾಗಾಗಿ ತೆಗೆದುಹಾಕುವಂತಿರಲಿಲ್ಲ. ‘ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ’ ಎಂಬ ಕಾಗದಕ್ಕೆ ಸಹಿ ಕೇಳಿದರು. ಅವನು ಹಾಕಲಿಲ್ಲ. ಮಾರನೆಯ ದಿನದಿಂದ ಬಟ್ಟೆ ಬದಲಿಸುವ ಕೋಣೆ ಅವನಿಗೆ ಬಂದ್. ನಾವೆಲ್ಲ ಒಟ್ಟಿಗೆ ಊಟಕ್ಕೆ ಕೂತಾಗ ಅವನೊಬ್ಬನೇ ಹಿಂದಿನ ಜಲ್ಲಿ ದಾರಿಯಲ್ಲಿ ಸುತ್ತು ಹೊಡೆಯಬೇಕು, ಅವನಿಗೆ ಯಾರೂ ಚೆಂಡು ಕೊಡಕೂಡದು. ಇದಕ್ಕೆ ಆಡಳಿತ ಮಂಡಳಿ ಇಟ್ಟ ಹೆಸರು ‘ವೈಯಕ್ತಿಕ ತರಬೇತಿ’. ಎಷ್ಟು ಕಾಳಜಿ ನೋಡಿ! ಕಾರಿನ ಡಿಕ್ಕಿ ತೆರೆದು ಅದರ ಮರೆಯಲ್ಲಿ ಚಡ್ಡಿ ಬದಲಿಸುತ್ತಿದ್ದವನು ನನ್ನನ್ನು ಕಂಡು, “ನೋಡೋ, ನನಗೊಬ್ಬನಿಗೇ ಸಪರೇಟ್ ರೂಮು,” ಎಂದು ನಕ್ಕ. ನನಗೆ ನಗು ಬರಲಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಏನು ಮಾಡುತ್ತಾರೆಂದು ಈ ಲೀಗಿನಲ್ಲಿ ಬೂಟು ಕಟ್ಟಿದವರಿಗೆಲ್ಲ ಗೊತ್ತು. ಸೀಟಿ ಊದಿದ ಕೂಡಲೇ ಕ್ಲಬ್ಬು ಹೊರಗಿಟ್ಟ ಆಟಗಾರನ ಜೊತೆಗಾರರು ಇದ್ದಲ್ಲೇ ಹುಲ್ಲಿನ ಮೇಲೆ ಕೂರುತ್ತಾರೆ. ಎದುರಾಳಿಗಳು ಒಂದು ನಿಮಿಷ ತಮ್ಮತಮ್ಮಲ್ಲೇ ಚೆಂಡು ಉರುಳಿಸಿಕೊಳ್ಳುತ್ತಾರೆ. ಆಮೇಲೆ ಎಲ್ಲರೂ ಎದ್ದು ಆಡುತ್ತೇವೆ. ಅದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮುರಿದೂ ಇಲ್ಲ.

ಆ ಭಾನುವಾರ ನಾವು ಕೂತೆವು. ನಾನೂ ಗೋಲಿನ ಬಾಯಲ್ಲಿ ಕಾಲು ಚಾಚಿ ಕೂತೆ. ಎದುರು ತಂಡಕ್ಕೆ ಎರಡು ದಿನದ ಹಿಂದಷ್ಟೇ ಪೋರ್ಚುಗಲ್ಲಿನಿಂದ ಬಂದಿದ್ದ ಆಟಗಾರನೊಬ್ಬ ಚೆಂಡು ಸಿಕ್ಕಿದ್ದೇ ತಡ, ಕೂತವರನ್ನೆಲ್ಲ ದಾಟಿ ಓಡಿಬಂದು ನನ್ನ ಪಕ್ಕದಿಂದ ಗೋಲು ಹೊಡೆದ. ಹೊಡೆದು ಅಂಗಿ ಕಳಚಿ ಕುಣಿದ. ಅವರ ನಾಯಕ ತಿಹೊಮಿರ್ ತಲೆ ಮೇಲೆ ಕೈಹೊತ್ತು ನನ್ನ ಬಳಿ ಬಂದ.

“ತಪ್ಪಾಯ್ತು ಮಾರಾಯ. ಅವನಿಗೆ ಹೇಳೋದೇ ಮರ್ತೋಯ್ತು. ಒಂದು ಗೋಲು ವಾಪಸ್ ತಗೊಳ್ಳಿ.”

“ಬೇಡ ಬಿಡೋ, ಆಡೋಣ.”

“ತಗೊಳ್ಳಿ ಅಂದ್ನಲ್ಲ. ಮನೆಗೆ ಹೋಗಿ ನಮ್ಮಪ್ಪಂಗೆ ಏನಂತ ಮುಖ ತೋರಿಸ್ಲಿ?”

ಆಟ ಮತ್ತೆ ಶುರುವಾದಾಗ ಅವರು ಅಷ್ಟೂ ಜನ ಕದಲದೆ ನಿಂತರು. ನಮ್ಮವನೊಬ್ಬ ಚೆಂಡನ್ನು ನಡೆಸಿಕೊಂಡು ಹೋಗಿ ಒಳಗೆ ಸೇರಿಸಿದ. ಲೆಕ್ಕ ಸರಿಹೋಯಿತು. ಆಮೇಲೆ ಜೀವ ತೇಯ್ದು ಆಡಿ, ಸೋತೆವು. ಸೋಲುವುದಕ್ಕಾಗಿ ಯಾರಾದರೂ ಒಳಸಂಚು ಮಾಡಿ, ನಡುವೆ ಗೋಲನ್ನೂ ವಾಪಸು ಪಡೆಯುತ್ತಾರೆಯೇ? ಈ ಪ್ರಶ್ನೆ ತಮ್ಮ ಸಮಿತಿಗೆ ಹೊಳೆಯಲಿಲ್ಲ. ದೂರು ಕೊಟ್ಟವರು ನಮ್ಮ ಮಾಲೀಕರೇ. ಗೋಲು ಬಿಟ್ಟದ್ದಕ್ಕೆ ನಾನು ಮೋಸಗಾರ, ಗೋಲು ತೀರಿಸಿದ್ದಕ್ಕೆ ತಿಹೊಮಿರ್ ಮೋಸಗಾರ. ರಾದೊಸ್ತಿನ್‌ಗೆ ಚೆಂಡು ಕೊಡದವರು ಮಾತ್ರ ಆಟದ ರಕ್ಷಕರು.

ವಿಚಾರಣೆಯ ದಿನ ತಾವು ತಲೆ ಎತ್ತದೆ ಕೇಳಿದಿರಿ: “ಹೀಗೆ ಕೂರುವುದನ್ನು ನಿಮಗೆ ಕಲಿಸಿದವರು ಯಾರು?”

ಉತ್ತರ ತಾವೇ ಕೊಡುತ್ತೀರೆಂದು ಕಾದೆ. ತಾವು ನೀರು ಕುಡಿದು, “ಆರೋಪಿಯ ಬಳಿ ಉತ್ತರವಿಲ್ಲ” ಎಂದು ಬರೆಸಿದಿರಿ. ‘ನಮ್ಮ ಕಾಲ್ಚೆಂಡಿನಲ್ಲಿ ಇಂಥದ್ದು ಹಿಂದೆಂದೂ ನಡೆದಿಲ್ಲ’ ಎಂದು ತೀರ್ಪಿನಲ್ಲೂ ಸೇರಿಸಿದಿರಿ. ಇಷ್ಟು ವರ್ಷ ತಮ್ಮ ಹೆಸರು ಹೇಳಿಕೊಂಡು ಬೀಗಿದವನು ನಾನು.

ಮೋಸಕ್ಕೆ ಎರಡು ವರ್ಷವಾದರೆ, ಇದಕ್ಕೆ ಎಷ್ಟು?

ಕೇಳಿದ ಪ್ರಶ್ನೆಗೆ ಈಗ ಎಲ್ಲರೆದುರು ಉತ್ತರಿಸುತ್ತೇನೆ. ನನಗೆ ಹತ್ತೊಂಬತ್ತಾಗಿದ್ದಾಗ ಮಂಡಿ ಮುರಿಯಿತು. ಅಂದಿನ ಮಾಲೀಕರು ನನ್ನನ್ನು ಅದೇ ಜಲ್ಲಿ ದಾರಿಗೆ ಅಟ್ಟಿದರು, ಕುಂಟಿಕೊಂಡೇ ಸುತ್ತು ಹೊಡೆದೆ. ಆ ವಾರದ ಪಂದ್ಯದಲ್ಲಿ ಸೀಟಿ ಊದಿದಾಗ, ನಾವೆಲ್ಲ ‘ಅಣ್ಣ’ ಎಂದು ಕರೆಯುತ್ತಿದ್ದ ನಮ್ಮ ನಾಯಕ ಮಧ್ಯದ ವೃತ್ತದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. “ಕೂತ್ಕೊಳ್ರೋ ಎಲ್ಲ,” ಅಂದ. “ನಮಗೆ ಸಂಬಳ ಕೊಡೋದು ಓಡೋಕೆ. ಅವನನ್ನ ಬಿಟ್ಟು ಓಡೋಕಲ್ಲ.” ಗ್ಯಾಲರಿಯಲ್ಲಿ ಊರುಗೋಲು ಹಿಡಿದು ಕೂತಿದ್ದ ನಾನು ಅತ್ತುಬಿಟ್ಟೆ. ಈ ಲೀಗಿನಲ್ಲಿ ಮೊದಲು ಕೂತವನು ಆ ನಾಯಕ.

ಅದು ನೀನು, ಅಣ್ಣಾ.

ನನ್ನ ನಿಷೇಧ ಹಾಗೇ ಇರಲಿ. ‘ಮೋಸ’ ಎಂಬ ಮಾತನ್ನು ತೀರ್ಪಿನಿಂದ ತೆಗೆಯಿರಿ. ತೆಗೆಯಲಾರಿರಾದರೆ ಆರೋಪಿಗಳ ಸಾಲಿನಲ್ಲಿ ಮೊದಲ ಹೆಸರು ತಮ್ಮದಿರಲಿ, ನಾನು ಅದರ ಕೆಳಗೆ ಸಂತೋಷದಿಂದ ಇರುತ್ತೇನೆ.

ಇಂತಿ,
ಕೂರಿಸಿದವರು ಎದ್ದು ಹೋದರೂ
ಇನ್ನೂ ಕೂತೇ ಇರುವ ಗೋಲ್‌ಕೀಪರ್,
ಯಾವೋರ್ ಬೆಲ್ಚೆವ್