ಇಳಿದ ತೂಕಕ್ಕೆ ಸನ್ಮಾನವೇ?

ದೃಢ ಬಾಲ್ಯ ಅಭಿಯಾನದ ಮಾನ್ಯ ಅಧಿಕಾರಿಗಳೇ,

ನನ್ನ ಮಗಳಿಗೆ ನೀವು ಹೊದಿಸಲಿರುವ ಶಾಲು ನಮಗೆ ಬೇಡ. ಬರುವ ವಾರ ಸಿಂದಗಿಯಲ್ಲಿ ನಡೆಯುವ ನಿಮ್ಮ ಸಮಾರಂಭದಲ್ಲಿ, ಒಂದೇ ವರ್ಷದಲ್ಲಿ ಎಲ್ಲರಿಗಿಂತ ಹೆಚ್ಚು ತೂಕ ಇಳಿಸಿದ ವಿದ್ಯಾರ್ಥಿನಿ ಎಂದು ಅವಳನ್ನು ವೇದಿಕೆಗೆ ಕರೆಯುತ್ತೀರಂತೆ. ಜನರೆದುರಿಗೇ ತೂಗಿ ತೋರಿಸುತ್ತೀರಂತೆ. ಆ ತೂಕ ಹೇಗೆ ಇಳಿಯಿತು ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳಿದಿರಾ? ಕೇಳಲಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ. ನನ್ನ ಮಗಳು ಊಟ ಬಿಟ್ಟಿದ್ದಾಳೆ.

ಅವಳನ್ನು ಇಲ್ಲಿ ಅಫ್ರೀನ ಎನ್ನುತ್ತೇನೆ. ನಿಜವಾದ ಹೆಸರು ನಿಮ್ಮ ಆಮಂತ್ರಣ ಪತ್ರಿಕೆಯಲ್ಲಿ ಫೋಟೊ ಸಮೇತ ಅಚ್ಚಾಗಿದೆ. ಅದನ್ನು ನಾನೂ ಊರಿಗೆಲ್ಲ ಹಂಚುವುದು ಬೇಡ.

ಮೂರು ವರ್ಷದ ಕೆಳಗೆ ನಿಮ್ಮ ಅಭಿಯಾನ ಅವಳ ಶಾಲೆಗೆ ಬಂದಾಗ, ತಂದಿದ್ದ ತೂಕದ ಯಂತ್ರ ಕೆಟ್ಟುಹೋಗಿತ್ತು. ನಿಮ್ಮವರ ಕರ್ತವ್ಯನಿಷ್ಠೆಯನ್ನು ಮೆಚ್ಚಲೇಬೇಕು. ಕೆಲಸ ನಿಲ್ಲಬಾರದೆಂದು ಅಡತಿ ಅಂಗಡಿಯಿಂದ ತೊಗರಿ ಚೀಲ ತೂಗುವ ಕಾಟಾ ತರಿಸಿದರು. ಅದರ ಜೊತೆಗೆ ಕಾಂತು ಎಂಬ ಹಮಾಲನೂ ಬಂದ. ಕಾಂತು ಕೆಟ್ಟವನಲ್ಲ. ಪೇಟೆಯಲ್ಲಿ ಚೀಲದ ತೂಕವನ್ನು ಮಾರುವವನಿಗೂ ಕೊಳ್ಳುವವನಿಗೂ ಕೇಳುವಂತೆ ಒದರಿ ಹೇಳಬೇಕು, ಮೆಲ್ಲಗೆ ಹೇಳಿದರೆ ಮೋಸ ಎನ್ನುತ್ತಾರೆ. ಅವನು ಮಕ್ಕಳ ತೂಕವನ್ನೂ ಹಾಗೆಯೇ ಒದರಿದ. ಹನ್ನೊಂದು ವರ್ಷದ ನನ್ನ ಮಗಳು ಹತ್ತಿದಾಗ ‘ಅರವತ್ತೆರಡೂ’ ಎಂದು ರಾಗ ಎಳೆದ. ಇಡೀ ಮೈದಾನ ನಕ್ಕಿತು. ಪಕ್ಕದಲ್ಲಿ ಕುಳಿತಿದ್ದ ನಿಮ್ಮ ವೈದ್ಯರೂ ನಕ್ಕರಂತೆ. ಅಂದಿನಿಂದ ಶಾಲೆಯಲ್ಲಿ ಅವಳ ಹೆಸರು ‘ಚೀಲ’.

ಮಗಳು ದಪ್ಪಗಿದ್ದಳು, ಅದನ್ನು ಮುಚ್ಚಿಟ್ಟು ನನಗೇನಾಗಬೇಕಿದೆ? ನೆರೆಯವರು ಮಾತೆತ್ತಿದರೆ ನಮ್ಮ ಅತ್ತೆ, ಉಂಡು ತಿಂದ ಮನೆಯ ಕೂಸು, ನಜರು ಹಚ್ಚಬೇಡಿ ಎಂದು ಬಾಯಿ ಮುಚ್ಚಿಸುತ್ತಿದ್ದರು. ಆದರೆ ಆ ದಪ್ಪ ಹುಡುಗಿ ಖೊಖೊ ಆಡುತ್ತಿದ್ದಳು, ಶಾಲೆಗೆ ನಡೆದು ಹೋಗುತ್ತಿದ್ದಳು, ಮನೆಯಲ್ಲಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ‘ಚೀಲ’ ಎಂದು ಹೆಸರಾದ ಮೇಲೆ ಮೊದಲು ಆಟ ಬಿಟ್ಟಳು. ಆಮೇಲೆ ದಾರಿಯಲ್ಲಿ ಹುಡುಗರು ಕೂಗುತ್ತಾರೆಂದು ನಡೆಯುವುದನ್ನು ಬಿಟ್ಟು ಆಟೋ ಹತ್ತಿದಳು. ಮನೆಗೆ ಬಂದವಳೇ ಕೋಣೆ ಸೇರಿ, ಬೇಕರಿಯ ಖಾರಿ, ಬಿಸ್ಕತ್ತುಗಳನ್ನು ಯಾರೂ ಕಾಣದಂತೆ ತಿನ್ನುತ್ತಿದ್ದಳು, ತಿಂದು ಅಳುತ್ತಿದ್ದಳು. ಮನಸ್ಸು ಕುಗ್ಗಿದಷ್ಟೂ ಮೈ ಬೆಳೆಯಿತು, ಮೈ ಬೆಳೆದಷ್ಟೂ ಮನಸ್ಸು ಕುಗ್ಗಿತು. ಇದು ಒಂದು ದಿನದಲ್ಲಿ ಆದದ್ದಲ್ಲ. ನನ್ನ ಕಣ್ಣೆದುರಿಗೆ ಎರಡು ವರ್ಷ ನಡೆಯಿತು.

ಕೈಕಟ್ಟಿ ಕೂತೆನೆಂದು ತಿಳಿಯಬೇಡಿ. ತೂಕದ ಡಾಕ್ಟರ ಹತ್ತಿರ ಹೋದರೆ, ಹುಡುಗಿ ಮಂಕಾಗಿದ್ದಾಳೆ, ಮೊದಲು ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದರು. ದೂರದ ಊರಿಗೆ ಕರೆದೊಯ್ದು ಮನಸ್ಸಿನ ಡಾಕ್ಟರಿಗೆ ತೋರಿಸಿದರೆ, ಮೊದಲು ತೂಕ ಇಳಿಸಿ, ಉತ್ಸಾಹ ತಾನೇ ಬರುತ್ತದೆ ಎಂದರು. ಎತ್ತು ಏರಿಗೆ, ಕೋಣ ನೀರಿಗೆ. ನಿಮ್ಮ ಕಚೇರಿಯಲ್ಲೂ ತೂಕಕ್ಕೊಂದು ಮೇಜು, ಮನಸ್ಸಿಗೊಂದು ಮೇಜು ಇವೆ. ಎರಡೂ ಮೇಜಿಗೆ ಬರುವವಳು ಒಬ್ಬಳೇ ಹುಡುಗಿ ಎಂಬುದು ಯಾರ ಗಮನಕ್ಕೂ ಬಂದಿಲ್ಲವೇ?

ಈ ವರ್ಷ ತೂಕ ಇಳಿಯತೊಡಗಿತು. ಶಾಲೆಯಲ್ಲಿ ಚಪ್ಪಾಳೆ ತಟ್ಟಿದರು, ನಿಮ್ಮ ತಂಡದವರು ಬೆನ್ನು ತಟ್ಟಿದರು. ಆದರೆ ಮನೆಯಲ್ಲಿ ರೊಟ್ಟಿಯೇನೂ ಮಿಗುತ್ತಿರಲಿಲ್ಲ. ತಟ್ಟೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು, ಖಾಲಿ ತಟ್ಟೆ ತರುತ್ತಿದ್ದಳು. ಬಕ್ರೀದಿಗೆಂದು ಕಟ್ಟಿದ ನಮ್ಮ ಹೋತ ಮಾತ್ರ ಹೊಟ್ಟೆ ಬಿಟ್ಟು ಉಬ್ಬುತ್ತಿತ್ತು. ಒಂದು ಮಧ್ಯಾಹ್ನ ಹಿಂದೆಯೇ ಹೋಗಿ ನೋಡಿದೆ. ನಾನು ಬಡಿದ ರೊಟ್ಟಿಯನ್ನು ಚೂರು ಮಾಡಿ ಅದಕ್ಕೆ ತಿನ್ನಿಸುತ್ತಿದ್ದಳು. ಸನ್ಮಾನ ಮಾಡಲೇಬೇಕೆಂದಿದ್ದರೆ ಆ ಹೋತಕ್ಕೆ ಮಾಡಿ. ನಿಮ್ಮ ಅಭಿಯಾನದ ಅರ್ಧ ಕೆಲಸ ಅದೇ ಮಾಡಿದೆ.

ಬೈಯಲಿಲ್ಲ. ಪಕ್ಕದಲ್ಲಿ ಕುಳಿತು, ಯಾಕವ್ವಾ ಹೀಗೆ ಎಂದು ಕೇಳಿದೆ. ನನ್ನ ಮುಖ ನೋಡದೆ, ಬಹಳ ಶಾಂತವಾಗಿ ಹೇಳಿದಳು:

“ಇನ್ನಷ್ಟ ಇಳಿದ್ರ ನಾ ಯಾರಿಗೂ ಕಾಣಂಗಿಲ್ಲ ಅಮ್ಮಿ. ಕಾಣಲಿಲ್ಲಂದ್ರ ಒದರಾವ್ರು ಯಾರು?”

ಆ ದಿನದಿಂದ ನನಗೆ ಹೆದರಿಕೆ. ಅವಳು ಸ್ನಾನಕ್ಕೆ ಹೋದರೂ ಬಾಗಿಲ ಹೊರಗೆ ನಿಲ್ಲುತ್ತೇನೆ. ಕೂದಲು ಕೈತುಂಬ ಉದುರುತ್ತಿದೆ. ಮೊನ್ನೆ ಅಂಗಳ ದಾಟುವಾಗ ಕಣ್ಣು ಕತ್ತಲೆ ಬಂದು ಬಿದ್ದಳು.

ಇದನ್ನೆಲ್ಲ ಹೇಳಲು ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಗುಮಾಸ್ತರು ಪೂರ್ತಿ ಕೇಳಿಸಿಕೊಂಡು, “ಖುಷಿ ಪಡೂದು ಬಿಟ್ಟು ತಕರಾರು ತಗೀತೀರಲ್ರೀ ಅಕ್ಕಾರ, ಕಾರ್ಡ ಅಚ್ಚಾಗ್ಯಾವು” ಎಂದರು. ಅಚ್ಚಾದ ಕಾರ್ಡಿಗಿರುವ ಬೆಲೆ ಉಪವಾಸ ಬಿದ್ದ ಹುಡುಗಿಗಿಲ್ಲ ಎಂದು ತಿಳಿದೇ ಹೀಗೆ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಆ ಕಾರ್ಡು ಏನು ಮಾಡುತ್ತಿದೆ ಎಂದೂ ಕೇಳಿ. ಹೂವಿನ ಹಿಪ್ಪರಗಿಯಲ್ಲಿರುವ ನನ್ನ ತಂಗಿ ಫೋನು ಮಾಡಿದ್ದಳು. ಕಾರ್ಡಿನಲ್ಲಿ ಅಫ್ರೀನಳ ಫೋಟೊ ನೋಡಿದ ಮೇಲೆ ಅವಳ ಮಗಳೂ ಹಸಿವಿಲ್ಲ ಎನ್ನತೊಡಗಿದ್ದಾಳೆ. ಆ ಹುಡುಗಿ ದಪ್ಪಗೂ ಇಲ್ಲ. ಸಿಂದಗಿ ಮುಗಿದ ಮೇಲೆ ನೀವು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗೆ ಇದೇ ಶಾಲು, ಇದೇ ತೂಕದ ಯಂತ್ರ ಹೊತ್ತು ಹೋಗುತ್ತೀರಿ. ಅಲ್ಲಿ ಎಷ್ಟು ಮನೆಗಳಲ್ಲಿ ತಟ್ಟೆ ಹಿತ್ತಲಿಗೆ ಹೋಗುತ್ತದೋ ಯಾರು ಬಲ್ಲರು?

ನನ್ನ ಬೇಡಿಕೆ ದೊಡ್ಡದಲ್ಲ. ಮಕ್ಕಳನ್ನು ಮರೆಯಲ್ಲಿ ತೂಗಿ, ತೂಕವನ್ನು ಹೆತ್ತವರಿಗಷ್ಟೇ ಹೇಳಿ. ತೂಗುವವರೇ ಆ ಮಗು ನಗುತ್ತದೆಯೋ, ಮಲಗುತ್ತದೆಯೋ, ಗೆಳತಿಯರಿದ್ದಾರೋ ಎಂದೂ ವಿಚಾರಿಸಲಿ. ತೂಕ ಇಳಿದರೂ ಏರಿದಾಗಿನಷ್ಟೇ ಗಾಬರಿಯಿಂದ ಕಾರಣ ಹುಡುಕಿ. ಇದೆಲ್ಲ ಮುಂದಿನ ತಿಂಗಳಾದರೂ ನಡೆದೀತು. ಒಂದು ಮಾತ್ರ ನಾಳೆಯೇ ಆಗಬೇಕು.

ಸನ್ಮಾನದ ಸುದ್ದಿ ತಿಳಿದ ದಿನ ಅಫ್ರೀನ ನಕ್ಕಳು. ಎಷ್ಟೋ ತಿಂಗಳ ಮೇಲೆ ಕಂಡ ನಗು ಅದು. ಅಂದಿನಿಂದ, ವೇದಿಕೆಯ ಮೇಲೆ ತೂಗುವಾಗ ಇನ್ನೂ ಕಡಿಮೆ ಬರಬೇಕೆಂದು ನೀರನ್ನೂ ಅಳೆದು ಕುಡಿಯುತ್ತಿದ್ದಾಳೆ. ಅವರಪ್ಪ ಕೈ ಮುಗಿದರೂ ಕೇಳಲಿಲ್ಲ, ನಾನು ಅತ್ತರೂ ಕೇಳಲಿಲ್ಲ. “ಸಾಹೇಬರು ಛಲೋ ಅಂದಾರ, ನಿನಗೇನ ತಿಳೀತೈತಿ” ಎನ್ನುತ್ತಾಳೆ. ಹೌದು, ನನಗೇನೂ ತಿಳಿಯದು. ಹಾಗಾಗಿ ತಿಳಿದವರಾದ ನೀವೇ ನಮ್ಮ ಮನೆಗೆ ಬನ್ನಿ. ಶಾಲು, ಹಾರ, ಫೋಟೊದವರು ಯಾರೂ ಬೇಡ. ಅವಳ ಎದುರಿಗೆ ಕುಳಿತು, ನಾವು ತಪ್ಪಿದೆವು ಮಗಳೇ, ಊಟ ಮಾಡು ಎಂದು ನಿಮ್ಮ ಬಾಯಿಂದಲೇ ಹೇಳಿ. ಸಮಾರಂಭದ ದಿನದವರೆಗೆ ಕಾಯಬೇಡಿ. ಅವಳು ಅಲ್ಲಿಯವರೆಗೆ ತಡೆಯುತ್ತಾಳೆಂಬ ಧೈರ್ಯ ನನಗಿಲ್ಲ.

ಇಂತಿ,
ನಿಮ್ಮ ಸಾಧಕಿಗೆ ಒಂದು ತುತ್ತು ತಿನ್ನಿಸಲಾರದ ಅಮ್ಮಿ,
ಸಿಂದಗಿ